ಜೋಡುನಳಿಗೆಯಲ್ಲಿ ಜೋಡು ಸರ

"ಈ ವರ್ಷ ಮೆಲ್ಬರ್ನ್‌ನ ಹಳೇ ಕೋವಿ ಮೇಳದಲ್ಲಿ ಕಪ್ ಗೆದ್ದು ತರದೇ ಇದ್ರೆ ನನ್ನ ಹೆಸರು ಗೋಪೀನಾಥನೇ ಅಲ್ಲ!"

ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ಗೋಪೀನಾಥ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ಅರುಂಧತಿ ತಲೆ ಕೂಡ ಎತ್ತಲಿಲ್ಲ.

"ಹಾಗಾದ್ರೆ ಬೇರೆ ಹೆಸರು ಈಗ್ಲೇ ಯೋಚಿಸಿಟ್ಕೊಳ್ಳಿ. ಪಾಸ್‌ಪೋರ್ಟು, ಪಿಆರು, ಮಾರ್ಟ್‌ಗೇಜು, ಎಲ್ಲಾ ಕಡೆ ಬದಲಾಯಿಸ್ಬೇಕು," ಎಂದಳು.

ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ ಮನೆ ಕಟ್ಟಿಸಿಕೊಂಡು ನೆಲೆಸಿದ ಮೈಸೂರಿನ ಗೋಪೀನಾಥನಿಗೂ ಕೋವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅವನ ಮನೆತನದವರೂ ಅದನ್ನೇ ಕೇಳಿದರು. ಏಕಾದಶಿಯ ದಿನ ಈರುಳ್ಳಿಯ ವಾಸನೆಯನ್ನೂ ಒಳಗೆ ಬಿಡದ ಮನೆತನ ಅದು. ಗೋಪೀನಾಥನೋ, ಜಿರಳೆ ಕಂಡರೆ ಸೋಫಾ ಹತ್ತಿ ನಿಂತು ಮಗಳು ಆದ್ಯಾಳನ್ನು ಕೂಗುವ ಶೂರ. ಇಂಥವನನ್ನು ಆಫೀಸಿನವರು ಒಂದು ದಿನ ಮಣ್ಣಿನ ತಟ್ಟೆ ಹೊಡೆಯುವ ಆಟಕ್ಕೆ ಕರೆದುಕೊಂಡು ಹೋದರು. ಯಂತ್ರವೊಂದು ಪುಟ್ಟ ತಟ್ಟೆಯನ್ನು ಆಕಾಶಕ್ಕೆ ಚಿಮ್ಮಿಸುತ್ತದೆ, ಅದು ಹಾರುತ್ತಿರುವಾಗಲೇ ಕೋವಿಯಿಂದ ಪುಡಿ ಮಾಡಬೇಕು. ಗೋಪೀನಾಥ ಕಣ್ಣು ಮುಚ್ಚಿಕೊಂಡು ಈಡು ಬಿಟ್ಟ. ತಟ್ಟೆ ಪುಡಿಯಾಯಿತು! ಕಣ್ಣು ಮುಚ್ಚಿದ್ದ ವಿಷಯ ಅವನಿಗೊಬ್ಬನಿಗೇ ಗೊತ್ತು. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಯಿತು, ಹುಚ್ಚು ನೆತ್ತಿಗೇರಿತು.

"ಮಣ್ಣಿನ ತಟ್ಟೆಗೆ ಜೀವ ಇಲ್ಲ ಅರು. ಪ್ರಪಂಚದಲ್ಲಿ ಇದೊಂದೇ ಸಸ್ಯಾಹಾರಿ ಬೇಟೆ," ಎಂದು ಹೆಂಡತಿಗೆ ಉಪದೇಶ ಮಾಡಿದ. ತರಗತಿಗೆ ಹೋದ, ಪರೀಕ್ಷೆ ಪಾಸಾದ, ಲೈಸೆನ್ಸ್ ಪಡೆದ. ಕೊನೆಗೆ ತನ್ನ ಮುತ್ತಜ್ಜ ಹುಟ್ಟುವ ಮೊದಲೇ ಇಂಗ್ಲೆಂಡಿನಲ್ಲಿ ತಯಾರಾಗಿದ್ದ ಜೋಡುನಳಿಗೆಯ ಕೋವಿಯೊಂದನ್ನು ಮನೆ ತುಂಬಿಸಿಕೊಂಡ. ನಳಿಗೆಯ ಉದ್ದ ಮೂವತ್ತೆರಡು ಇಂಚು! ಈಗಿನವರ ಕೋವಿಗಳೆಲ್ಲ ಅದರ ಮುಂದೆ ಗಿಡ್ಡ. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ನಳಿಗೆಯ ಉದ್ದ ತಿಳಿಯುತ್ತಿತ್ತು.

ಕೋವಿಯ ಹಿಂದೆಯೇ ಉಕ್ಕಿನ ತಿಜೋರಿಯೂ ಬಂತು. ಅದನ್ನು ಗ್ಯಾರೇಜಿನ ಗೋಡೆಗೆ ಬೋಲ್ಟು ಹೊಡೆದು ನಿಲ್ಲಿಸಿದ್ದಾಯಿತು. ತಿಜೋರಿಯ ಕೀಲಿ ಲೈಸೆನ್ಸ್ ಇರುವವನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಸಿಗಕೂಡದು, ಹೆಂಡತಿಯ ಕೈಗೂ ಕೂಡದು, ಸಿಕ್ಕಿದರೆ ಲೈಸೆನ್ಸೂ ಹೋಯಿತು, ಕೋವಿಯೂ ಹೋಯಿತು ಎಂದು ಅಲ್ಲಿಯ ಕಾನೂನು. ಮದುವೆಯಾದಂದಿನಿಂದ ಮನೆಯ ಯಾವ ಕೀಲಿಯೂ ಕೈಯಲ್ಲಿಲ್ಲದ ಗೋಪೀನಾಥನಿಗೆ ಈ ಕಾನೂನು ಅಮೃತದಂತೆ ರುಚಿಸಿತು. ಮನೆಯಲ್ಲಿ ಯಾರೂ ಮುಟ್ಟದ ಜಾಗ ಯಾವುದೆಂದು ಗಾಢವಾಗಿ ಯೋಚಿಸಿ, ಕೀಲಿಯನ್ನು ಟ್ರೆಡ್‌ಮಿಲ್ಲಿನ ಅಡಿಯಲ್ಲಿ ಅಂಟಿಸಿಟ್ಟ. ಆ ಟ್ರೆಡ್‌ಮಿಲ್ಲಿನ ಮೇಲೆ ಯಾರೂ ಓಡುತ್ತಿರಲಿಲ್ಲ ಎನ್ನುವುದು ನಿಜ. ಆದರೆ ಅರುಂಧತಿ ಅದರ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಜಾರಿ ಬಿದ್ದ ಕಾಲುಚೀಲ ಹುಡುಕುವಾಗ ಮರುದಿನವೇ ಕೀಲಿ ಸಿಕ್ಕಿತು. ಗಂಡನ ಗುಟ್ಟಿಗೆ ಮರ್ಯಾದೆ ಕೊಡುವ ಹೆಣ್ಣುಮಗಳು, ನೋಡಿ ಅಲ್ಲೇ ಅಂಟಿಸಿದಳು.

ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಕಳ್ಳತನವಾಯಿತು.

ಅರುಂಧತಿಯ ತವರಿನಲ್ಲಿ ಚಿನ್ನವನ್ನು ಬೀರುವಿನಲ್ಲಿಡುವ ಪದ್ಧತಿಯೇ ಇಲ್ಲ. ಬೀರು ಕಳ್ಳನಿಗೆ, ಬೇಳೆ ಡಬ್ಬಿ ನಮಗೆ ಎನ್ನುವುದು ಅವಳ ಅಜ್ಜಿಯ ಸಿದ್ಧಾಂತ. ಅದರಂತೆ ಅತ್ತೆ ಕೊಟ್ಟ ಗುಂಡಿನ ಸರವೂ ಅಮ್ಮ ಕೊಟ್ಟ ಅವಲಕ್ಕಿ ಸರವೂ ಸ್ಕೋಫೀಲ್ಡ್ಸ್‌ನ ತೊಗರಿಬೇಳೆಯ ಡಬ್ಬಿಯಲ್ಲಿ ಹಾಯಾಗಿ ಮಲಗಿದ್ದವು. ಆದರೆ ಮಾರ್ಸ್ಡನ್ ಪಾರ್ಕಿನ ಮೂರ್ತಿಯವರ ಹೆಂಡತಿ ಫೋನಿನಲ್ಲಿ ಬಾಂಬು ಹಾಕಿದರು: "ಈಗಿನ ಕಳ್ಳರಿಗೆ ನಮ್ಮ ಜನದ ವಿಷಯ ಎಲ್ಲಾ ಗೊತ್ತಾಗ್ಬಿಟ್ಟಿದೆ ಕಣ್ರೀ! ಸೀದಾ ಅಡುಗೆಮನೆಗೆ ಹೋಗಿ ಬೇಳೆ ಸುರೀತಾರಂತೆ. ತೊಗರಿಬೇಳೆ ಆದ್ಮೇಲೆ ಕಡ್ಲೆಬೇಳೆ!"

ಅರುಂಧತಿ ಯೋಚಿಸಿದಳು. ಯಾವ ಕಳ್ಳನೂ ನೋಡದ ಜಾಗ ಬೇಕು. ಉದ್ದವಾಗಿರಬೇಕು, ಕತ್ತಲಾಗಿರಬೇಕು, ನೋಡಿದವನಿಗೆ ಭಯವಾಗಬೇಕು. ಗಂಡ ಆಫೀಸಿಗೆ ಹೋಗಿದ್ದಾಗ ತಿಜೋರಿ ತೆರೆದಳು. ಕೋವಿ ಬಾಯಿ ಮೇಲೆ ಮಾಡಿಕೊಂಡು ನಿಂತಿತ್ತು. ಹಳೆಯ ಪಂಚೆಯ ಎರಡು ತುಂಡುಗಳಲ್ಲಿ ಎರಡು ಸರಗಳನ್ನು ಸುತ್ತಿ, ಮರದ ಸೌಟಿನ ಹಿಡಿಯಿಂದ ಮೆಲ್ಲನೆ ಒಳಕ್ಕೆ ತಳ್ಳಿದಳು. ಬಲನಳಿಗೆಗೆ ಅತ್ತೆಯದು, ಎಡನಳಿಗೆಗೆ ಅಮ್ಮನದು. ಬೇಕಾದಾಗ ಚಿಮಟದಿಂದ ಬಟ್ಟೆಯ ತುದಿ ಎಳೆದರಾಯಿತು. ಗಂಡನಿಗೆ ಹೇಳುವಂತಿರಲಿಲ್ಲ. ಹೇಳಿದರೆ ಕೀಲಿಯ ವಿಷಯವೂ ಹೇಳಬೇಕಲ್ಲ!

ಅವಳಿಗೆ ಇನ್ನೊಂದು ಧೈರ್ಯವೂ ಇತ್ತು. ಮೆಲ್ಬರ್ನ್ ಮೇಳಕ್ಕೆ ತನ್ನ ಕೋವಿ ಒಯ್ಯುವುದಿಲ್ಲ, ಗೆಳೆಯ ಡೆನಿಸನ ಕೋವಿಯಲ್ಲೇ ಹೊಡೆಯುತ್ತೇನೆ ಎಂದು ಗೋಪೀನಾಥ ಹೇಳಿದ್ದ. ಅಷ್ಟು ಹಳೆಯ ವಸ್ತುವಿಗೆ ದಾರಿಯಲ್ಲಿ ಒಂದು ಗೀಚು ಬಿದ್ದರೂ ಅವನ ಎದೆ ಒಡೆಯುತ್ತಿತ್ತು.

ಈ ಡೆನಿಸ್ ಮಂಗಳೂರಿನವನು, ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿರುವ ನರ್ಸ್. ದೇಶಕ್ಕೆ ಬಂದ ಹೊಸತರಲ್ಲಿ ಇಬ್ಬರೂ ಸಿಡ್ನಿಯಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದರು. ಸಿಡ್ನಿಯ ಕಡೆ ಬಾತುಕೋಳಿ ಬೇಟೆಗೆ ಅನುಮತಿಯಿಲ್ಲ, ಮೆಲ್ಬರ್ನ್ ಕಡೆ ಉಂಟು. ಹಾಗಾಗಿ ಡೆನಿಸ್ ಪ್ರತಿ ವರ್ಷ ಮಾರ್ಚಿನಲ್ಲಿ ಜೌಗು ನೀರಿಗಿಳಿದು ನಿಜವಾದ ಬಾತುಕೋಳಿ ಹೊಡೆಯುವ ಬೇಟೆಗಾರ. ಅವನದೂ ಹಳೆಯ ಉದ್ದನಳಿಗೆಯೇ. ಹೊರಡುವ ದಿನ, ಶುಕ್ರವಾರ ಮಧ್ಯಾಹ್ನ, ಅವನ ಫೋನು ಬಂತು.

"ಬರಿಗೈಯಲ್ಲಿ ಬರ್ತೀರಾ ಮಾರಾಯ್ರೆ? ನಿಮ್ಮ ಕೋವಿ ಮತ್ತೆ ಎಂತಕ್ಕೆ? ಮದುವೆಗೆ ಮಾತ್ರ ಹೊರಗೆ ತೆಗೆಯುವ ಪಿಂಗಾಣಿ ಪ್ಲೇಟಾ ಅದು?"

"ನೋಡಿ ಡೆನಿಸ್, ಅದು ಮೂವತ್ತೆರಡು ಇಂಚು..."

"ತೋರಿಸ್ಲಿಕ್ಕೆ ಆಗದ ಮೇಲೆ ಎಷ್ಟು ಇಂಚಾದ್ರೆ ಎಂತ!"

ಗೋಪೀನಾಥನ ರಕ್ತ ಕುದಿಯಿತು. ಅರುಂಧತಿ ಮಗಳನ್ನು ಕರೆತರಲು ಶಾಲೆಗೆ ಹೋಗಿದ್ದಳು. ಅವನು ತಿಜೋರಿ ತೆರೆದು, ಕೋವಿಯ ಹಿಡಿ ಮತ್ತು ನಳಿಗೆಗಳನ್ನು ಬೇರೆ ಮಾಡಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಕೋವಿ ಕೈಗೆತ್ತಿಕೊಂಡ ಪ್ರತಿ ಸಲ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕೆಂದು ತರಗತಿಯಲ್ಲಿ ತಲೆಗೆ ಮೊಳೆ ಹೊಡೆದಂತೆ ಹೇಳಿದ್ದರು. ಆದರೆ ತಾನೇ ಒರೆಸಿಟ್ಟ ಕೋವಿ, ತಾನೇ ಬೀಗ ಹಾಕಿದ ತಿಜೋರಿ, ಪ್ರಪಂಚದಲ್ಲಿ ತನಗೊಬ್ಬನಿಗೇ ಗೊತ್ತಿರುವ ಕೀಲಿ. ನೋಡುವುದೇನು? ಹೆಂಡತಿಗೆ "ಹೊರಟೆ" ಎಂದು ಒಂದೇ ಪದದ ಮೆಸೇಜು ಕಳಿಸಿ ಮೆಲ್ಬರ್ನ್ ಹೈವೇ ಹಿಡಿದ.

ವಿಂಡಮ್ ವೇಲ್‌ನಲ್ಲಿ ಡೆನಿಸನ ಹೆಂಡತಿ ಇಡಾ ಅವನಿಗಾಗಿ ನಡುರಾತ್ರಿಯವರೆಗೂ ಊಟ ಬಿಸಿ ಇಟ್ಟುಕೊಂಡು ಕಾದಿದ್ದಳು. ಇಡ್ಲಿಗಿಂತ ಮೆತ್ತಗಿನ, ಉಬ್ಬಿದ ಸಾನ್ನಗಳು. ಮನೆಯವರಿಗೆ ಬಾತುಕೋಳಿಯ ಸಾರು, ಗೋಪೀನಾಥನಿಗೆ ಕಾಯಿಚಟ್ನಿ. ಡೆನಿಸ್ ಕೈ ತೊಳೆದುಕೊಂಡು ಬಂದು ಗೆಳೆಯನ ಕೋವಿಯನ್ನು ಜೋಡಿಸಿ ಹೆಗಲಿಗೇರಿಸಿ ನೋಡಿದ.

"ಮುಂದೆ ಭಾರ ಸ್ವಲ್ಪ ಜಾಸ್ತಿ ಉಂಟಲ್ಲ?"

"ಅದೇ ಗುಟ್ಟು!" ಗೋಪೀನಾಥ ಉಬ್ಬಿಹೋದ. "ಭಾರ ಮುಂದೆ ಬೀಳ್ಬೇಕು. ಆಗ್ಲೇ ಹಾರೋ ತಟ್ಟೆ ಜೊತೆ ಕೋವಿ ತಾನಾಗೇ ತಿರುಗುತ್ತೆ. ಹಳೇ ಕಾಲದವರ ಕೈಚಳಕ ನೋಡಿ, ಎಂಥಾ ತೂಕ! ಚಿನ್ನದಂಥಾ ತೂಕ!"

ಡೆನಿಸನಿಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಮರುದಿನ ಬೆಳಿಗ್ಗೆ ವೆರಿಬೀ ಆಚೆಯ ಒಣಹುಲ್ಲಿನ ಬಯಲಿನಲ್ಲಿ ಮೇಳ ನೆರೆಯಿತು. ಅಗಲ ಹ್ಯಾಟಿನ ಮುದುಕರು ಅಜ್ಜಂದಿರ ಕಾಲದ ಕೋವಿಗಳನ್ನು ಮೊಮ್ಮಕ್ಕಳಂತೆ ತೋಳಿನ ಮೇಲೆ ಮಲಗಿಸಿಕೊಂಡು ತಿರುಗುತ್ತಿದ್ದರು. ಮೈದಾನದ ಮುಖ್ಯಸ್ಥ ನೆವಿಲ್ ಎಂಬಾತ. ಎತ್ತರದ ಆಳು, ಮಾತು ಕಡಿಮೆ. ಗೋಪೀನಾಥ ಕೊರತೆಯನ್ನು ತುಂಬಿದ. ಹೊಸದಾಗಿ ಬಂದ ಇಬ್ಬರಿಗೆ ಕೋವಿ ಹಿಡಿಯುವ ಬಗೆ ವಿವರಿಸಿದ, ಫೋನು ಹಿಡಿದು ನಿಂತವರಿಗೆ "ಶಿಸ್ತು ಇಲ್ದೇ ಶಿಕಾರಿ ಇಲ್ಲ" ಎಂದು ಬುದ್ಧಿ ಹೇಳಿ, ತನ್ನ ಫೋನನ್ನೂ ಡೆನಿಸನ ಫೋನನ್ನೂ ಕಾರಿನಲ್ಲಿಡಿಸಿದ.

ಅದೇ ಹೊತ್ತಿಗೆ ಸ್ಕೋಫೀಲ್ಡ್ಸ್‌ನಲ್ಲಿ ಅರುಂಧತಿ, ಮೂರ್ತಿಯವರ ಹೊಸ ಮನೆಯ ಗೃಹಪ್ರವೇಶಕ್ಕೆಂದು ರೇಷ್ಮೆ ಸೀರೆ ಉಟ್ಟು, ಚಿಮಟ ಹಿಡಿದುಕೊಂಡು ತಿಜೋರಿ ತೆರೆದಳು.

ತಿಜೋರಿ ಖಾಲಿ!

ಅವಳಿಗೆ ಮೊದಲು ನೆನಪಾದದ್ದು ಸರವಲ್ಲ, ಗಂಡ. ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿರುವಾಗ ಈಡು ಬಿಟ್ಟರೆ ಕೋವಿಯೇ ಸಿಡಿದು, ಬಿಟ್ಟವನ ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ, ಕೆಲವೊಮ್ಮೆ ಆಳೇ ಹೋಗುತ್ತಾನೆ ಎಂದು ಪರೀಕ್ಷೆಗೆ ಓದುತ್ತಿದ್ದ ಗಂಡ ಊಟದ ಮೇಜಿನಲ್ಲಿ ಗಟ್ಟಿಯಾಗಿ ಉರು ಹೊಡೆದದ್ದು ಅವಳಿಗೆ ಅಕ್ಷರಶಃ ನೆನಪಿತ್ತು. ಗಂಡನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಡೆನಿಸನಿಗೆ ಮಾಡಿದಳು, ಎತ್ತಲಿಲ್ಲ. ಕಣ್ಣು ಮಂಜಾಗಿ ಅಕ್ಷರ ಕಾಣದೆ ಕೊನೆಗೆ ಫೋನನ್ನು ಮಗಳ ಕೈಗೆ ಕೊಟ್ಟಳು. "ಅಮ್ಮಾ, ಬ್ರೀದ್," ಎಂದ ಆದ್ಯಾ ಇಡಾ ಆಂಟಿಯ ನಂಬರು ಒತ್ತಿದಳು.

ಇಡಾ ಮೈದಾನದ ಅಂಚಿನಲ್ಲಿ, ಮರದ ನೆರಳಿನಲ್ಲಿ, ಚಹಾದ ಫ್ಲಾಸ್ಕು ಬಿಚ್ಚುತ್ತಿದ್ದಳು. ಫೋನಿನಲ್ಲಿ ಅಳು ಕೇಳಿ ಮೊದಲು ಏನೂ ತಿಳಿಯಲಿಲ್ಲ. ತಿಳಿದಾಗ ಫ್ಲಾಸ್ಕು ಎಲ್ಲಿ ಬಿತ್ತೋ!

"ಗೋಪೀ! ಬಿಡ್ಬೇಡಿ, ಬಿಡ್ಬೇಡಿ! ಒಳಗೆ ಚಿನ್ನ ಉಂಟು! ಜೆಜು ದೇವಾ, ಯಾರಾದ್ರೂ ಹಿಡೀರಿ ಅವರನ್ನು!"

ಮಂಡಿನೋವಿನ ಇಡಾ ಕೈಚೀಲ ಬೀಸುತ್ತಾ ಓಡಿದಳು. ಗೋಪೀನಾಥ ತೋಟಾ ತುಂಬಿ, ಕೋವಿಯನ್ನು ಹೆಗಲಿಗೇರಿಸಿ ಆಗಲೇ ನಿಂತಿದ್ದ. ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಳ. ಓರೆಗಣ್ಣಿಗೆ ಇಡಾ ಕಂಡಳು. ತನಗಾಗಿ ಹೆಂಗಸರು ಕೂಡ ಹೀಗೆ ಕುಣಿದು ಹುರಿದುಂಬಿಸುತ್ತಿದ್ದಾರಲ್ಲ ಎಂದು ಅವನಿಗೆ ರೋಮಾಂಚನವಾಯಿತು. ಗಂಭೀರವಾಗಿ ತಲೆಯಾಡಿಸಿ, ಗುರಿ ಹಿಡಿದು, ತಟ್ಟೆ ಚಿಮ್ಮಿಸುವವನಿಗೆ ಗುಡುಗಿದ:

"ಪುಲ್!"

ತಟ್ಟೆ ಹಾರಿತು. ಗೋಪೀನಾಥ ಟ್ರಿಗರ್ ಎಳೆದ.

ಏನೂ ಆಗಲಿಲ್ಲ. ಇನ್ನೊಂದು ಟ್ರಿಗರ್ ಎಳೆದ. ಆಗಲೂ ಏನೂ ಇಲ್ಲ! ತಟ್ಟೆ ತನ್ನ ಪಾಡಿಗೆ ತಾನು ಹಾರಿ, ಹುಲ್ಲಿನ ಮೇಲೆ ಮೆತ್ತಗೆ ಇಳಿಯಿತು. ಆ ಹಳೆಯ ಕೋವಿಗೊಂದು ಗುಣವಿತ್ತು. ತೋಟಾ ತುಂಬಲು ಮಡಚಿ ಬಿಚ್ಚಿದಾಗಲೆಲ್ಲ ಅದರ ತಡೆಗುಂಡಿ ತಾನಾಗಿ ಬೀಳುತ್ತದೆ. ಅದನ್ನು ಹೆಬ್ಬೆರಳಿನಿಂದ ಮುಂದೆ ತಳ್ಳದೆ ಈಡು ಹಾರದು. ಗೋಪೀನಾಥ ಪ್ರತಿ ಸಲವೂ ಅದನ್ನು ತಳ್ಳಲು ಮರೆಯುತ್ತಿದ್ದ. ಈ ಮರೆವಿಗಾಗಿ ಸಿಡ್ನಿಯ ಕ್ಲಬ್ಬಿನಲ್ಲಿ ಬೈಸಿಕೊಂಡಷ್ಟು ಅವನು ಹೆಂಡತಿಯಿಂದಲೂ ಬೈಸಿಕೊಂಡಿರಲಿಲ್ಲ. ಆ ದಿನ ಅದೇ ಮರೆವು ಅವನ ಕೈ, ಕಣ್ಣು, ಪ್ರಾಣ ಮೂರನ್ನೂ ಉಳಿಸಿತು.

"ಓ, ತಡೆಗುಂಡಿ!" ಎಂದು ಹಲ್ಲುಕಿರಿದು ಹೆಬ್ಬೆರಳು ಎತ್ತುವಷ್ಟರಲ್ಲಿ ನೆವಿಲ್‌ನ ಅಗಲವಾದ ಕೈ ಕೋವಿಯ ಮೇಲೆ ಬಿತ್ತು. ಇಡಾ ಬಂದು ಮುಟ್ಟಿದ್ದಳು.

ನೆವಿಲ್ ಕೋವಿಯನ್ನು ಮಡಚಿ, ತೋಟಾ ತೆಗೆದು, ನಳಿಗೆಗಳನ್ನು ಮೇಲಕ್ಕೆ ಹಿಡಿದು ಕಣ್ಣಿಟ್ಟ.

"ಆಕಾಶ ಕಾಣ್ತಿಲ್ಲ, ಮೇಟ್. ಎರಡರಲ್ಲೂ."

ಒರೆಸುವ ಉದ್ದನೆ ಕೋಲು ತಂದು ಹಿಂದಿನಿಂದ ತಳ್ಳಿದ. ಬಲನಳಿಗೆಯ ಬಾಯಿಂದ ಪಂಚೆಯ ತುಂಡು ಇಣುಕಿತು, ಬಿಚ್ಚಿಕೊಂಡಿತು, ಗುಂಡಿನ ಸರ ಜಳಜಳನೆ ಹೊರಬಂತು. ಎಡನಳಿಗೆಯಿಂದ ಅವಲಕ್ಕಿ ಸರ ಇಳಿಯಿತು. ಸುತ್ತ ನೆರೆದ ಹ್ಯಾಟುಗಳೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದವು. ಗೋಪೀನಾಥನಿಗೆ ಎರಡು ಸರಗಳ ಗುರುತೂ ಸಿಕ್ಕಿತು, ಅವುಗಳ ಹಿಂದಿನ ಕೈಯ ಗುರುತೂ ಸಿಕ್ಕಿತು. ತಾನು ಈಗಷ್ಟೇ ಯಾವುದರಿಂದ ಪಾರಾದೆ ಎಂಬುದೂ ಹೊಳೆಯಿತು. ಹುಲ್ಲಿನ ಮೇಲೆ ಕೂತುಬಿಟ್ಟ.

"ಇದನ್ನ ಒಳಗಿಟ್ಟಿದ್ದು ಯಾರು?" ನೆವಿಲ್ ಕೇಳಿದ.

ಡೆನಿಸ್ ಬಗ್ಗಿ ಕಿವಿಯಲ್ಲಿ ಉಸುರಿದ. "ಹೆಂಡತಿ ಅಂತ ಹೇಳಿದ್ರೆ ಕೀಲಿ ಅವರ ಕೈಗೆ ಸಿಕ್ಕಿದೆ ಅಂತಾಯ್ತು. ಲೈಸೆನ್ಸಿಗೆ ಶ್ರದ್ಧಾಂಜಲಿ. ಕೋವಿಗೂ."

ಗೋಪೀನಾಥ ಎದ್ದ. ಹುಲ್ಲು ಕೊಡವಿಕೊಂಡ. ಪ್ರಾಣ ಹೋದರೂ ಮೂವತ್ತೆರಡು ಇಂಚು ಹೋಗ್ಬಾರದು! ಎದೆಯುಬ್ಬಿಸಿ ನಿಂತು, ತನಗೆ ಬರುವ ಅತ್ಯುತ್ತಮ ಇಂಗ್ಲಿಷಿನಲ್ಲಿ ಘೋಷಿಸಿದ:

"ನಾನೇ ಇಟ್ಟಿದ್ದು. ಅದು ನಮ್ಮ ಸಂಪ್ರದಾಯ. ಮೈಸೂರಿನಲ್ಲಿ ನಾವು ವರ್ಷಕ್ಕೊಮ್ಮೆ ಆಯುಧಗಳಿಗೆ ಪೂಜೆ ಮಾಡುತ್ತೇವೆ. ಮೊದಲ ಈಡಿಗೆ ಮುಂಚೆ ನಳಿಗೆಯೊಳಗೆ ಮನೆಯ ಚಿನ್ನ ಹಾಯಿಸಬೇಕು. ತೆಗೆಯಲು... ಮರೆತೆ."

ಪೂಜೆಯ ಮಾತು ನಿಜ. ಚಿನ್ನದ ಮಾತು ಆ ಕ್ಷಣ ಹುಟ್ಟಿದ್ದು. ನೆವಿಲ್ ಅವನನ್ನೇ ದಿಟ್ಟಿಸಿದ.

"ಮತ್ತೆ ಆ ಹೆಂಗಸು ಯಾಕೆ ಓಡಿ ಬಂದರು?"

"ನೆನಪು ಮಾಡಲಿಕ್ಕೆ," ಎಂದ ಡೆನಿಸ್. "ಅದೂ ಸಂಪ್ರದಾಯವೇ."

ಇಡಾ ಏದುಸಿರು ಬಿಡುತ್ತಾ ಶಿಲುಬೆಯ ಗುರುತು ಮಾಡಿಕೊಂಡಳು. ಅದೂ ಪೂಜೆಯ ಭಾಗವೆಂದು ಹ್ಯಾಟಿನವರು ತಿಳಿದರು.

ನೋಡದೆ ತೋಟಾ ತುಂಬಿದ್ದಕ್ಕೆ ನೆವಿಲ್ ಎಲ್ಲರೆದುರು ಚೆನ್ನಾಗಿ ಬೈದ. ಸಣ್ಣ ಮಕ್ಕಳಿಗೂ ಬೈಯದ ಹಾಗೆ ಬೈದ. ಬೈದು ಮುಗಿಸಿ, ಸ್ವಲ್ಪ ಹೊತ್ತು ಗುಂಡಿನ ಸರವನ್ನೇ ನೋಡುತ್ತಾ ನಿಂತು, ತಗ್ಗಿದ ದನಿಯಲ್ಲಿ ಕೇಳಿದ: "ಹೋದ ವರ್ಷ ಪೂರ್ತಿ ನನಗೆ ಒಂದು ಬಾತುಕೋಳಿಯೂ ಬೀಳಲಿಲ್ಲ. ನನ್ನ ಕೋವಿಗೂ ಹಾಯಿಸ್ತೀಯಾ?"

ಹೊಸ ಸಂಪ್ರದಾಯ ಹುಟ್ಟಲು ಋಷಿಮುನಿಗಳೇ ಬೇಕಾಗಿಲ್ಲ. ನೆವಿಲ್‌ನ ಹಿಂದೆ ಇನ್ನೊಬ್ಬ ನಿಂತ, ಅವನ ಹಿಂದೆ ಮತ್ತೊಬ್ಬ. ನೋಡನೋಡುತ್ತಾ ರೇಷನ್ ಅಂಗಡಿಯ ಮುಂದಿನಂಥ ಸಾಲು ಬೆಳೆಯಿತು. ಡೆನಿಸ್ ಖಾಲಿ ಕೋವಿಯ ನಳಿಗೆ ಬಗ್ಗಿಸಿ ಹಿಡಿಯುವುದು, ಗೋಪೀನಾಥ ಒಂದು ತುದಿಯಿಂದ ಸರ ಇಳಿಬಿಡುವುದು, ಇಡಾ ಇನ್ನೊಂದು ತುದಿಯಲ್ಲಿ ಸೆರಗು ಒಡ್ಡಿದಂತೆ ಕರವಸ್ತ್ರ ಒಡ್ಡುವುದು. ಮೊದಲನೆಯವನು ಮಂತ್ರ ಎಲ್ಲಿ ಎಂದು ಕೇಳಿಬಿಟ್ಟ. ಗಾಬರಿಯಲ್ಲಿ ಗೋಪೀನಾಥನಿಗೆ ಗಾಯತ್ರಿಯೂ ನೆನಪಿಗೆ ಬರಲಿಲ್ಲ. ಕಣ್ಣು ಮುಚ್ಚಿ, ದೀರ್ಘ ಉಸಿರೆಳೆದು, "ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು" ಎಂದು ಮಗ್ಗಿ ಶುರು ಮಾಡಿದ. ಮುದುಕರು ಹ್ಯಾಟು ತೆಗೆದು ತಲೆಬಾಗಿದರು. ಒಬ್ಬೊಬ್ಬರಿಗೆ ಒಂದೊಂದು ಮಗ್ಗಿ, ಸಾಲಿನ ಕೊನೆಯವನಿಗೆ ಹತ್ತೊಂಬತ್ತರದು. ಅದು ಶಾಲೆಯಲ್ಲಿದ್ದಾಗಲೂ ಗೋಪೀನಾಥನಿಗೆ ಬಂದಿರಲಿಲ್ಲ.

ಆಮೇಲಿನದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನೆವಿಲ್ ಆ ದಿನ ಒಂದು ತಟ್ಟೆಯನ್ನೂ ಬಿಡದೆ ಪುಡಿ ಮಾಡಿ ಕಪ್ ಎತ್ತಿದ. ಹದಿನೇಳರ ಮಗ್ಗಿಯವನು ಎರಡನೆಯ ಸ್ಥಾನ. ಡೆನಿಸ್ ಕೂಡ ಎಂದಿಗಿಂತ ಚೆನ್ನಾಗಿ ಹೊಡೆದ. ಗೋಪೀನಾಥ ಮಾತ್ರ ತಡೆಗುಂಡಿ ನೆನಪಿಟ್ಟುಕೊಂಡು, ಕಣ್ಣು ತೆರೆದುಕೊಂಡು, ಶಾಸ್ತ್ರೋಕ್ತವಾಗಿ ಎಲ್ಲ ಈಡುಗಳನ್ನೂ ಗಾಳಿಗೆ ಬಿಟ್ಟ. ಒಂದೂ ತಗುಲಲಿಲ್ಲ! ಮುಂದಿನ ಭಾರ ಹೋದಮೇಲೆ ಕೋವಿ ಹಿಡಿತಕ್ಕೇ ಸಿಗಲಿಲ್ಲ ಎಂಬುದು ಅವನ ವಾದ.

ಕಾರಿಗೆ ಬಂದು ಫೋನು ಮಾಡಿದ. ಜೋರಾಗಿ ಕೂಗಾಡಬೇಕೆಂದೇ ಮಾಡಿದ್ದು. ಆದರೆ ಆ ಕಡೆಯಿಂದ ಬಂದ ಮೊದಲ ಮಾತು, "ಕೈ ಸರಿ ಇದ್ಯಾ? ಎರಡೂ ಕೈ ಇದ್ಯಾ?" ಆಮೇಲೆ ಬರೀ ಬಿಕ್ಕಳಿಕೆ. ಗೋಪೀನಾಥ ಬೈಯಬೇಕೆಂದಿದ್ದದ್ದೆಲ್ಲ ನುಂಗಿಕೊಂಡ.

"ಇದೆ ಕಣೇ. ಸರಾನೂ ಇದೆ."

"ಸರ ಹಾಳಾಗಿ ಹೋಗ್ಲಿ!" ಎಂದಳು ಅರುಂಧತಿ. ಮೂಗು ಒರೆಸಿಕೊಂಡು ಕೇಳಿದಳು, "ಎರಡೂ ಇದೆ ತಾನೇ?"

ಮನೆಗೆ ಬಂದಮೇಲೆ ವಿಚಾರಣೆ ನಡೆಯಿತು. ಅರುಂಧತಿ ಅಂಟವಾಳದ ನೊರೆಯಲ್ಲಿ ಸರಗಳ ಮದ್ದಿನ ಮಸಿ ತಿಕ್ಕುತ್ತಿದ್ದಳು. ಗೋಪೀನಾಥ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಕೀಲಿ ಮುಟ್ಟಿದ್ದು ಅಪರಾಧ. ಗೊತ್ತಾ ನಿಂಗೆ?"

"ನೋಡ್ದೇ ತೋಟಾ ತುಂಬಿದ್ದು?"

ವಿಚಾರಣೆ ಅಲ್ಲಿಗೆ ಮುಗಿಯಿತು. ಚಿನ್ನ ಬ್ಯಾಂಕಿನ ಲಾಕರಿಗೆ ಹೋಯಿತು. ಕೀಲಿಯನ್ನು ಇನ್ನೆಲ್ಲಿಟ್ಟರೂ ಬಟ್ಟೆ ಒಣಗಿಸುವವರಿಗೆ ಸಿಗುತ್ತದೆಂದು ಗೊತ್ತಾಗಿ, ಗೋಪೀನಾಥ ಅದನ್ನು ಹಿಂದಿನವರಂತೆ ಜನಿವಾರಕ್ಕೇ ಕಟ್ಟಿಕೊಂಡ. ನಡೆದಾಗಲೆಲ್ಲ ಬೆಲ್ಟಿನ ಬಕಲ್ಲಿಗೆ ತಾಗಿ ಟಣ್ ಟಣ್ ಎನ್ನುವ ಆ ಸದ್ದಿನಲ್ಲಿ ಅವನ ಠೀವಿ ಮೆಲ್ಲಮೆಲ್ಲನೆ ಮರಳಿತು. ಬಾತುಕೋಳಿ ಕಾಲ ಶುರುವಾಗುವ ಹಿಂದಿನ ವಾರ ಡೆನಿಸನ ಫೋನು ಬಂದಾಗ, ಮನೆಯವರೆಲ್ಲ ಕೇಳಲಿ ಎಂದು ಸ್ಪೀಕರಿಗೇ ಹಾಕಿದ.

"ಕ್ಲಬ್ಬಿನಲ್ಲಿ ಮೀಟಿಂಗ್ ಆಯ್ತು ಮಾರಾಯ್ರೆ. ಬೇಟೆಗೆ ಹೋಗುವ ಮುಂಚೆ ಎಲ್ಲರ ಕೋವಿಗೂ ಚಿನ್ನ ಹಾಯಿಸ್ಬೇಕಂತೆ. ಕರೀಲೇಬೇಕು ಅಂತ ನೆವಿಲ್ ಹಟ ಹಿಡಿದಿದ್ದಾರೆ."

ಗೋಪೀನಾಥ ಹೆಂಡತಿಯ ಕಡೆ ವಿಜಯದ ನೋಟ ಬೀರಿದ. "ಸರಿ, ಬರ್ತೀನಿ ಅಂತ ಹೇಳಿ. ಕೋವಿ ಸಮೇತ ಬರ್ತೀನಿ."

"ಅದು... ಕೋವಿ ಬೇಡ ಅಂದ್ರು. ಸರ ಸಾಕಂತೆ. ಸರ ಯಾರದ್ದು ಅಂತ ಕೇಳಿದ್ರು, ಅರುಂಧತಿಯವರದ್ದು ಅಂತ ಇಡಾ ಹೇಳಿದ್ಳು. ಹಾಗಾಗಿ ಅವರನ್ನೇ ಕರೆದದ್ದು."

"ಹಾಗಾದ್ರೆ ನಾನು?"



"ನೀವೂ ಬನ್ನಿ ಮಾರಾಯ್ರೆ. ಅವರ ಜೊತೆ ಬಂದವರಿಗೂ ಊಟ ಉಂಟಂತೆ."